ಇಬ್ಬರು ಸಮ ಎತ್ತರವಿದ್ದರೆ?

ಐದನೆಯ ತರಗತಿಯಲ್ಲಿದ್ದಾಗ, ಪುಸ್ತಕದ ಹಿಂದಿನ ಉತ್ತರ ನೋಡಿ ಲೆಕ್ಕ ಹೊಂದಿಸಿ ಸಿಕ್ಕಿಬಿದ್ದ ರುಚಿತಾ ದೇವರ ಮುಂದೆ ನಿಂತು ತಾಯಿಗೆ ಮಾತು ಕೊಟ್ಟಿದ್ದಳು: "ನನಗ ತಿಳೀಲಾರದ್ದನ್ನ ತಿಳದಂಗ ಎಂದೂ ಬರಿಯೂದಿಲ್ಲ."

ಈಗ ಹನ್ನೆರಡನೆಯ ತರಗತಿ. ಗಣಿತ ಒಲಿಂಪಿಯಾಡ್‌ನ ಮುಂದಿನ ಸುತ್ತಿಗೆ ಹೋಗಲು ಇದೇ ಕಡೆಯ ಅವಕಾಶ. ಧಾರವಾಡದಿಂದ ನಾಸಿಕಕ್ಕೆ ವರ್ಗವಾಗಿ ಬಂದಿದ್ದ ಬ್ಯಾಂಕ್ ನೌಕರಿಯ ತಾಯಿ ಮಂದಾಕಿನಿಗೆ ಮಗಳ ಅಭ್ಯಾಸ ಕಂಡರೆ ಬೆರಗು. ರುಚಿತಾ ಒಂದೇ ಸಮಸ್ಯೆಯನ್ನು ವಾರಗಟ್ಟಲೆ ಮೆಲುಕು ಹಾಕುತ್ತಿದ್ದಳು. ಕುಕ್ಕರ್ ಕೂಗಿದರೂ ಕಿವಿಗೆ ಬೀಳದು. ಒಪ್ಪವಾಗಿ ಬರೆದ ಲೆಕ್ಕದ ಸಾಧನೆಯನ್ನು ತಾನೇ ಎದುರು ಪಕ್ಷದ ವಕೀಲಳಂತೆ ಕೆದಕಿ, "ಇಲ್ಲಿ ಸೋರ್ತದ" ಎಂದು ಹರಿದೊಗೆಯುತ್ತಿದ್ದಳು. ದಿನವಿಡೀ ಕೌಂಟರಿನಲ್ಲಿ ಬೈಸಿಕೊಂಡು ಬರುವ ಮಂದಾಕಿನಿಗೆ, ಬಯ್ಯುವವರಿಲ್ಲದೆಯೇ ತನ್ನನ್ನು ತಿದ್ದಿಕೊಳ್ಳುವ ಈ ಹುಡುಗಿ ನಿಜಕ್ಕೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ಅನಿಸುತ್ತಿತ್ತು.

ಪರೀಕ್ಷೆ ಛತ್ರಪತಿ ಸಂಭಾಜಿನಗರದಲ್ಲಿ. ಮಂದಾಕಿನಿಯೂ ಜೊತೆಗೆ ಹೊರಟಳು. ಬಸ್ಸು ವೈಜಾಪುರ ದಾಟಿದರೂ ರುಚಿತಾಳ ಬೆರಳು ಕಿಟಕಿಯ ಗಾಜಿನ ಮೇಲೆ ಏನೋ ಗೀಚುತ್ತಲೇ ಇತ್ತು.

ಪರೀಕ್ಷೆ ಮುಗಿಸಿ, ತನ್ನಂತೆಯೇ ಪರೀಕ್ಷೆ ಬರೆಯಲು ಬಂದಿದ್ದ ಪಕ್ಕದ ಮನೆಯ ಕನ್ನಡದ ಹುಡುಗ ನಚಿಕೇತನೊಡನೆ ಜಗಳಾಡುತ್ತಲೇ, ಹೊರಗೆ ಕಾಯುತ್ತಿದ್ದ ತಾಯಿಯ ಬಳಿ ಬಂದಳು.

"ಕಾಕೂ, ನಿಮ್ಮ ಸತ್ಯವಂತಿ ಬಂದ್ಲು ನೋಡ್ರಿ!" ಎಂದ ನಚಿಕೇತ.

"ಗಪ್ ರೇ! ಮಮ್ಮಿ, ದುಂಡಗ ನಿಂತ ಹುಡುಗರ ಎತ್ತರದ ಪ್ರಶ್ನೆ ಇತ್ತು. ಎಲ್ಲಾರಕಿಂತ ಎತ್ತರದವನ್ನ ಹಿಡದು ಶುರು ಮಾಡ್ದೆ. ಮಸ್ತ್ ಬಂದಿತ್ತು. ಕಡೀಕ ಹೊಳೀತು, ಅಷ್ಟೇ ಎತ್ತರದವರು ಇಬ್ಬರಿದ್ರ? ನಾ ಒಬ್ಬನೇ ಅಂತ ಹಿಡದುಬಿಟ್ಟಿದ್ದೆ."

"ಆಮ್ಯಾಲೆ?"

"ಟೈಮ್ ಇರಲಿಲ್ಲ. 'ಇಬ್ಬರು ಸಮ ಇದ್ದರೆ ಇದು ನಿಲ್ಲುವುದಿಲ್ಲ, ಆ ಭಾಗ ನನಗೆ ಬಂದಿಲ್ಲ' ಅಂತ ಕೆಳಗ ಬರದು ಕೊಟ್ಟೆ."

"ಸುಮ್ಮನ ಬಿಟ್ಟಿದ್ರ ತಪಾಸಣಿ ಮಾಡೋರ ಕಣ್ಣಿಗೆ ಬೀಳ್ತಿತ್ತೋ ಇಲ್ಲೋ ರೀ! ಸ್ವತಃ ಬೆರಳಿಟ್ಟು ತೋರಿಸ್ಯಾಳ!" ನಚಿಕೇತ ಹಣೆ ಬಡಿದುಕೊಂಡ.

'ಅಷ್ಟು ಯಾಕ ಬರೀಬೇಕಿತ್ತ ಹುಚ್ಚಿ' ಎಂಬ ಮಾತು ಮಂದಾಕಿನಿಯ ನಾಲಿಗೆಯ ತುದಿಗೆ ಬಂತು. ನೋಡಿದರೆ, ಮಗಳು ಆಗಲೇ ಫುಟ್‌ಪಾತಿನ ಮೇಲೆ ಕೂತು ಪ್ರಶ್ನೆಪತ್ರಿಕೆಯ ಬೆನ್ನಿಗೆ ಬರೆಯತೊಡಗಿದ್ದಳು.

"ತಡೀ ಮಮ್ಮಿ, ಈಗ ಬರ್ಲಿಕತ್ತದ."

ಇನ್ನು ಬಂದು ಯಾರಿಗೆ ಲಾಭ? ಆದರೂ ಆ ಮುಖದ ಕಳೆ! ಮಂದಾಕಿನಿ ಡಬ್ಬಿ ತೆಗೆದು, ಚಪಾತಿಯನ್ನು ಪಲ್ಯದ ಸಮೇತ ಸುತ್ತಿ ಮಗಳ ಬಾಯಿಗಿಟ್ಟಳು.

ಮುಂದಿನ ಸುತ್ತಿಗೆ ರುಚಿತಾ ಆಯ್ಕೆಯಾಗಲಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಂಡಳು.