ತಪ್ಪಿಲ್ಲದ ಪುಟ

"ಇದನ್ನ ನಿಘಂಟಿನೊಳಗೆ ಯಾಕ್ರೀ ಬಚ್ಚಿಟ್ಟಿದ್ದೀರಿ?"

ಹೆಂಡತಿಯ ಕೈಯಲ್ಲಿ ನಾಲ್ಕು ಮಡಿಕೆಯ ಆ ಹಾಳೆ ಕಂಡದ್ದೇ ತಡ, ಕರಡು ತಿದ್ದುವವನು ದಡಬಡಿಸಿ ಎದ್ದು ನಿಂತ. ಅವಳಿಗೆ ಬಂದಿರುವ ಕಾಯಿಲೆ, ಅಂದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುವುದು, ಅದು ಬಂದವರು ಎರಡೂವರೆ ವರ್ಷ ಬದುಕಿದರೆ ಹೆಚ್ಚು ಎಂದು ಅದರಲ್ಲಿತ್ತು. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಪುಟ. ಪ್ರೆಸ್ಸಿನಲ್ಲಿ ಯಾರಿಗೂ ಕಾಣದಂತೆ ಪ್ರಿಂಟ್ ತೆಗೆದಿದ್ದ. ಪಾಪ, ಹದಿನೈದು ದಿನದಿಂದ ಊಟಕ್ಕೆ ಕೂತರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

"ನಿಂಗೆ ಗೊತ್ತಾಗೋದು ಬೇಡ ಅಂತ."

"ಚೆನ್ನಾಗಿದೆ! ಕಾಯಿಲೆ ನಂದು, ಗೊತ್ತಾಗಬಾರದ್ದೂ ನಂಗೇನಾ?" ಅವಳು ಏದುಸಿರು ಬಿಡುತ್ತ ಕುರ್ಚಿ ಎಳೆದು ಕೂತಳು. ಅಡುಗೆಮನೆಯಿಂದ ಇಲ್ಲಿಗೆ ಹನ್ನೆರಡು ಹೆಜ್ಜೆ. ಅಷ್ಟಕ್ಕೇ ತುಟಿ ನೀಲಿಗಟ್ಟಿತ್ತು. "ಅದಿರಲಿ, ಇದನ್ನೇ ಯಾಕೆ ನಂಬಿದ್ರಿ?"

"ಇಡೀ ಪುಟದಲ್ಲಿ ಒಂದು ತಪ್ಪಿಲ್ಲ ಕಣೇ. ಅಲ್ಪವಿರಾಮ ಕೂಡ ಜಾಗದಲ್ಲೇ ಇದೆ."

ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಮೂವತ್ತು ವರ್ಷ ಕೆಂಪು ಪೆನ್ಸಿಲ್ ಹಿಡಿದವನ ಚಾಳಿ ಅದು: ಅಚ್ಚುಕಟ್ಟಾಗಿ ಅಚ್ಚಾದದ್ದೆಲ್ಲ ಅವನ ಕಣ್ಣಿಗೆ ನಿಜ. ಆಸ್ಪತ್ರೆಯ ನರ್ಸಮ್ಮ ಚೀಟಿಯಲ್ಲಿ ಒಂದು ವೆಬ್‌ಸೈಟಿನ ವಿಳಾಸ ಬರೆದುಕೊಟ್ಟು, "ಕಂಡಕಂಡಲ್ಲಿ ಹುಡುಕ್ಬೇಡಿ ಸಾರ್. ಇದೇ ಕಾಯಿಲೆಯೋರು ಡಾಕ್ಟರ ಜೊತೆ ಸೇರಿ ನಡೆಸೋ ಗುಂಪು, ಇಲ್ಲಿ ನೋಡಿ" ಎಂದಿದ್ದರು. ಈ ಮಹಾರಾಯ ಅದನ್ನು ತೆರೆದ; ಮೊದಲ ಸಾಲಿನಲ್ಲೇ ಮೂರು ತಪ್ಪು ಕಂಡು, ಬರೆಯಲೇ ಬಾರದವರು ಏನು ಹೇಳಿಯಾರು ಎಂದು ಮುಚ್ಚಿಬಿಟ್ಟ. ಅಂಗಿ ಒಗೆಯಲು ಹಾಕುವಾಗ ಆ ಚೀಟಿ ಹೆಂಡತಿಗೆ ಸಿಕ್ಕಿತ್ತು.

ಮದುವೆಗೆ ಮುಂಚೆ ಅವಳೂ ಅದೇ ಪ್ರೆಸ್ಸಿನಲ್ಲಿದ್ದವಳು. ಅವಳು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಅವನು ಕರಡಿನ ಮೇಲೆ ಕಣ್ಣಿಟ್ಟು ತಿದ್ದುವುದು. ಅವಳು ಒಂದು ಗಳಿಗೆ ನಿಂತರೂ ಪೆನ್ಸಿಲಿನಿಂದ ಮೇಜು ಕುಟ್ಟಿ, "ಹ್ಞೂ, ಮುಂದೆ!" ಎನ್ನುತ್ತಿದ್ದ.

"ಇದರಲ್ಲಿ ಬರೆದವರ ಹೆಸರೆಲ್ಲಿ? ತಾರೀಖೆಲ್ಲಿ?" ಅವಳು ಹಾಳೆಯನ್ನು ಅವನ ಮುಂದೆ ತಳ್ಳಿದಳು. "ಇಂಥ ಪುಟ ಬಂದ್ರೆ ವಾಪಸ್ ಕಳಿಸ್ತಿದ್ದೋರು ನೀವೇ ಅಲ್ವಾ?"

ಅವನು ಹಿಂದೆ ಮುಂದೆ ತಿರುವಿ ನೋಡಿದ. ಎಲ್ಲೂ ಇರಲಿಲ್ಲ.

"ಗುಂಪಿನ ಡಾಕ್ಟರು ಹೆಸರು, ತಾರೀಖು ಎರಡೂ ಹಾಕಿ ಬರೆದಿದ್ದಾರೆ. ಈ ಎರಡೂವರೆ ವರ್ಷದ ಮಾತು ಈಗಿನ ಮಾತ್ರೆಗಳು ಬರೋಕೆ ಮುಂಚಿನದಂತೆ."

"ಹಂಗಾದ್ರೆ ನಿಂಗೆ..." ಅವನು ಹಾಳೆಯಿಂದ ತಲೆಯೆತ್ತಿದ.

"ಎಷ್ಟು ವರ್ಷ ಅಂತ ಅಲ್ಲೂ ಯಾರೂ ಹೇಳಿಲ್ಲ ರೀ. ಹೋದ ತಿಂಗಳು ಒಬ್ರು ತೀರಿಕೊಂಡ್ರು, ಅದನ್ನೂ ಹಾಕಿದ್ದಾರೆ, ಮುಚ್ಚಿಟ್ಟಿಲ್ಲ. ಅದಕ್ಕೇ ನಂಬ್ತೀನಿ." ಅವಳು ಫೋನ್ ಎತ್ತಿಕೊಂಡಳು. "ನಿನ್ನೆ ನಾನೂ ಬರೆದೆ. ಒಬ್ಬ ಟೈಲರಮ್ಮ ಉತ್ತರ ಕೊಟ್ಟಿದ್ದಾಳೆ. ಓದ್ತೀನಿ, ಕೂತ್ಕೊಳ್ಳಿ."

ಕೂತವನ ಕೈ ಅಭ್ಯಾಸಬಲದಿಂದ ಪೆನ್ಸಿಲ್ ಹಿಡಿಯಿತು.

"ಅಕ್ಕಾ, ನಂಗೆ ಒಂಬತ್ತು ವರ್ಷದಿಂದ ಇದೆ. ಮೆಟ್ಟಿಲು ಹತ್ತೋಕಾಗಲ್ಲ, ಮೆಷಿನ್ ತುಳಿಯೋಕಾಗಲ್ಲ, ಆದ್ರೆ ಕೈಹೊಲಿಗೆ ಬಿಟ್ಟಿಲ್ಲ. ಡಾಕ್ಟರನ್ನ ಕೇಳದೆ ಮಾತ್ರೆ ನಿಲ್ಲಿಸಬೇಡಿ. ಭಯ ಆದಾಗ..."

ಅವಳಿಗೆ ಉಸಿರು ಸಾಲಲಿಲ್ಲ. ಕಣ್ಣು ಮುಚ್ಚಿ ಮೇಜಿನ ಅಂಚು ಹಿಡಿದುಕೊಂಡಳು.

ಅವನು ಪೆನ್ಸಿಲನ್ನು ಸದ್ದಾಗದಂತೆ ಕೆಳಗಿಟ್ಟ. ಅವಳ ಬೆನ್ನ ಮೇಲೆ ಕೈಯಿಟ್ಟು, ಅವಳಾಗಿಯೇ ಮುಂದಿನ ಮಾತಿಗೆ ಬರುವ ತನಕ ಕಾದು ಕೂತ.