ಎಡಗೈ ಗಂಟು

ಗಿಡದ ತುದಿ ಅಲ್ಲಾಡುತ್ತಿದೆ, ಗಾಳಿಯೇ ಇಲ್ಲ, ಆದರೂ ಅದೊಂದೇ ಗಿಡ ಬಾಗಿ ಬಾಗಿ ಏಳುತ್ತಿದೆ, ಯಾಕೆಂದು ನೋಡಿದರೆ ಮಾರ್ಗಿಟ್ ಅಮ್ಮನ ಕಾಲು — ಬೂಟಿನಂಚಿಗಿಂತ ಮೇಲೆ ಕಣಕಾಲಿಗೆ ಬಿಗಿದ ಹಗ್ಗ, ಹಗ್ಗದ ಇನ್ನೊಂದು ತುದಿ ಆ ಗಿಡಕ್ಕೆ, ಉರುಲು, ದೇವರೇ ಇದು ಉರುಲು, ಪುಟ್ಟ ಕಾಡುಜಿಂಕೆಗೆಂದು ಒಡ್ಡಿದ್ದರಲ್ಲಿ ಅರವತ್ತೆಂಟು ವರ್ಷದ ಪ್ರವಾಸಿ ಸಿಕ್ಕಿಕೊಂಡಿದ್ದಾಳೆ, ಹದಿನೈದು ಹೆಜ್ಜೆ ಮೇಲೆ ಜರೀಗಿಡಗಳ ನಡುವೆ ಬೆನ್ನು ಬೆಳ್ಳಗಾದ ಆ ದೊಡ್ಡ ಗಂಡು ಗೊರಿಲ್ಲಾ ಸೊಪ್ಪು ಅಗಿಯುವುದನ್ನು ನಿಲ್ಲಿಸಿದೆ. ಅಲ್ಲಾಡಬೇಡಿ ಅಂತ ಹೇಳೇ ನಟುಕುಂಡ, ಕಾಲು ಎಳೀಬೇಡಿ ಅಂತ ಹೇಳು — ಕಾಡಿನ ಕಾವಲುಗಾರ ಬ್ಯಾಮುಕಾಮ ಅಣ್ಣನ ಪಿಸುಮಾತು, ಹೆಗಲಲ್ಲಿ ಬಂದೂಕಿದ್ದರೂ ಅದನ್ನು ಇಳಿಸುತ್ತಿಲ್ಲ. ನನ್ನ ಮಂಡಿ ಕೇಳಲ್ಲ, ನೀವು ಹೋಗಿ ನೋಡ್ಕೊಂಡು ಬನ್ನಿ ಅಂದಿದ್ದಳು ಮಾರ್ಗಿಟ್, ಉಳಿದ ಏಳು ಜನ ಮೇಲಕ್ಕೆ ಹೋದರು, ಅವಳ ಚೀಲ ಹೊತ್ತ ನಾನು, ಕಾವಲಿಗೆ ಅಣ್ಣ, ಇಲ್ಲೇ ಉಳಿದೆವು, ಅವರು ಹುಡುಕಿಕೊಂಡು ಹೋದ ಗೊರಿಲ್ಲಾ ಹಿಂಡು ತಾನಾಗಿ ಇಲ್ಲಿಗೇ ಇಳಿದು ಬಂದಿದೆ, ಅವಳು ಖುಷಿಯಲ್ಲಿ ಎದ್ದು ಒಂದು ಹೆಜ್ಜೆ ಇಟ್ಟಳು, ಒಂದೇ ಹೆಜ್ಜೆ. ಅಮ್ಮಾ, ನನ್ನ ಮುಖ ನೋಡಿ, ಕಾಲು ಸಡಿಲ ಬಿಡಿ, ಅನ್ನುತ್ತೇನೆ, ನನಗೆ ಬರುವ ನಾಲ್ಕು ಇಂಗ್ಲಿಷ್ ಮಾತಿನಲ್ಲಿ, ಆದರೆ ಅವಳ ಕಣ್ಣು ಗೊರಿಲ್ಲಾದ ಮೇಲೆ, ಕಾಲು ತಾನಾಗಿ ಎಳೆಯುತ್ತಿದೆ, ಎಳೆದಷ್ಟೂ ಬಿಗಿ, ಬಿಗಿದಷ್ಟೂ ಗಿಡದ ಸದ್ದು, ಆ ಸದ್ದಿಗೆ ಅದು ಒಮ್ಮೆ ಗುರ್ ಅಂದಿತು, ಹಿಂದೆ ಹೆಣ್ಣುಗಳು ಮರಿಗಳನ್ನು ಎದೆಗೆ ಅವುಚಿಕೊಂಡವು. ಅಣ್ಣ ಮಚ್ಚಿಗೆ ಕೈ ಹಾಕುತ್ತಾನೆ, ಬೇಡ ಅಣ್ಣ, ಕೈ ಎತ್ತಿದರೆ ಸಾಕು ಮೇಲೆ ಬೀಳುತ್ತೆ, ನಾನು ಮೊಣಕಾಲೂರಿ ತೆವಳುತ್ತಿದ್ದೇನೆ, ಒದ್ದೆ ಮಣ್ಣು, ಬೂಟು, ಹಗ್ಗ, ಗಂಟು.

ಗಂಟು ಎಡಕ್ಕೆ ತಿರುಗಿದೆ. ಊರಲ್ಲಿ ಎಲ್ಲರೂ ಬಲಕ್ಕೆ ಸುತ್ತುತ್ತಾರೆ, ಎಡಕ್ಕೆ ಸುತ್ತುವವನು ಒಬ್ಬನೇ — ಇಲ್ಲ, ಯಾವುದೋ ಹಳೆಯದಿರಬೇಕು, ಆರು ವರ್ಷದ ಹಿಂದೆ ಚರ್ಚಿನ ಅಂಗಳದಲ್ಲಿ ಎಲ್ಲರೆದುರು ಅಪ್ಪ ತನ್ನ ಉರುಲುಗಳನ್ನೆಲ್ಲ ರಾಶಿ ಹಾಕಿ ಬೈಬಲ್ ಮುಟ್ಟಿದನಲ್ಲ, ಬೇಟೆ ಬಿಟ್ಟ ಮನೆಗೆ ಒಂದು ಕೆಲಸ ಅಂತ ನನಗೆ ಈ ಚೀಲ ಹೊರುವ ಕೆಲಸ ಸಿಕ್ಕಿತಲ್ಲ, ಆದರೆ ಹಗ್ಗ ಹೊಸದು, ನಾರು ಇನ್ನೂ ಹಸಿರು, ಮತ್ತೆ ಹೋದ ಭಾನುವಾರ ರಾಗಿ ಮುದ್ದೆಯ ಜೊತೆ ಮಾಂಸದ ಸಾರು, ಆಡಿಂದು, ಸಂತೇಲಿ ಕೊಂಡ್ಕೊಂಡು ಬಂದೆ ಕಣಮ್ಮಾ, ತಿನ್ನು, ಸೊರಗಿದ್ದೀಯ ಅಂದ ಅಪ್ಪ, ಅದು ಆಡಿನ ವಾಸನೆ ಅಲ್ಲವೆಂದು ಮೊದಲ ತುತ್ತಿಗೇ ನನಗೆ ಗೊತ್ತಿತ್ತು, ಗೊತ್ತಿದ್ದೂ ಬೆರಳು ನೆಕ್ಕಿದೆ. ಗಂಟನ್ನು ಎಳೆಯಬಾರದು, ಒಳಕ್ಕೆ ಒತ್ತಬೇಕು, ಹೆಬ್ಬೆರಳಿಂದ ಎಡಕ್ಕೆ, ನಾನು ಏಳು ವರ್ಷದವಳಿದ್ದಾಗ ಅಪ್ಪ ಕೈ ಹಿಡಿದು ಕಲಿಸಿದ್ದು, ಬಿಚ್ಚಿದರೆ ಅಣ್ಣ ನೋಡುತ್ತಾನೆ, ಬಿಚ್ಚದಿದ್ದರೆ — ಗೊರಿಲ್ಲಾ ಎದ್ದು ನಿಂತಿತು, ಅದು ಎದೆ ಬಡಿದುಕೊಂಡ ಸದ್ದು ನನ್ನ ಹಲ್ಲಿನೊಳಗೆ ಕೇಳುತ್ತಿದೆ, ಒತ್ತು, ಒತ್ತೇ ನಟುಕುಂಡ, ಒತ್ತಿದೆ, ಸಡಿಲವಾಯಿತು, ಕಾಲು ಹೊರಗೆ ಬಂತು, ಅವಳನ್ನು ಎಳೆದು ನೆಲಕ್ಕೆ ಒತ್ತಿ ಮೇಲೆ ಮಲಗಿದೆ, ನೆಲ ನಡುಗಿಸುತ್ತಾ ಅದು ನುಗ್ಗಿ ಬಂತು, ಕೂದಲು ನನ್ನ ತೋಳಿಗೆ ಸವರಿತು, ಬೆವರಿನ ಹುಳಿ ವಾಸನೆ, ದಾಟಿತು, ಕೆಳಗೆಲ್ಲೋ ಬಿದಿರು ಮುರಿದ ಸದ್ದು, ಹೋಯಿತು.

ಮಾರ್ಗಿಟ್ ಅಳುತ್ತಾಳೆ, ನಗುತ್ತಾಳೆ, ನನ್ನ ಕೆನ್ನೆ ಹಿಡಿದು ಏನೇನೋ ಅನ್ನುತ್ತಾಳೆ, ಅವಳ ಕಣಕಾಲಿನ ಸುತ್ತ ನೇರಳೆ ಬಣ್ಣದ ಗೆರೆ, ಇಂಥ ಗೆರೆಯಿಂದಲೇ ಹೋದ ವರ್ಷ ಒಂದು ಗೊರಿಲ್ಲಾ ಮರಿಯ ಕೈ ಕೊಳೆತು ಉದುರಿತ್ತು. ಅಣ್ಣ ಹಗ್ಗ ಎತ್ತಿಕೊಂಡ. ಹನ್ನೊಂದು ವರ್ಷದಿಂದ ಇವನ್ನ ಮಚ್ಚಲ್ಲೇ ಕಡೀತಿದ್ದೀನಿ ಕಣೆ, ಬೆರಳಲ್ಲಿ ಬಿಚ್ಚಿದೋರನ್ನ ಇವತ್ತೇ ನೋಡಿದ್ದು, ಯಾರು ಕಲಿಸಿದ್ರು? ಗೊತ್ತಿಲ್ಲ ಅನ್ನಬಹುದು, ಭಯದಲ್ಲಿ ಹೇಗೋ ಬಿಚ್ಚಿಕೊಂಡಿತು ಅನ್ನಬಹುದು, ಅವನು ನಂಬಿದ ಹಾಗೆ ಮಾಡಿಯಾನು, ಬಾಯಿ ತೆರೆದೆ, ಅಪ್ಪ ಅಂದೆ. ಚಿಕ್ಕೋಳಿದ್ದಾಗ ಕಲಿಸಿದ್ದಾ? ಹೌದು ಅಣ್ಣ. ಮತ್ತೆ ಇದು? ಇದೂ ಅವನದೇ, ಭಾನುವಾರ ನಾನೂ ತಿಂದೆ. ಅಣ್ಣ ಹಗ್ಗವನ್ನು ಸುರುಳಿ ಸುತ್ತಿ ಜೇಬಿಗೆ ಹಾಕಿದ, ಅಷ್ಟೂ ಹೇಳಬೇಕಿರಲಿಲ್ಲ ಕಣೆ, ಅಂದ, ನಡಿ, ಮೊದಲು ನಿಮ್ಮನೆಗೆ ಹೋಗೋಣ, ಜೈಲೋ ಏನೋ ಆಮೇಲೆ ದೊಡ್ಡೋರು ಹೇಳ್ತಾರೆ. ಚೀಲ ಹೊರುವ ನನ್ನ ಕೆಲಸವೂ ಇವತ್ತಿಗೆ ಹೋಯಿತು, ಮೇಲಿಂದ ಇಳಿದು ಬಂದವರ ಜೊತೆ ಮಾರ್ಗಿಟ್‌ಳನ್ನು ಕಳಿಸಿದೆವು, ನಾನು ಮುಂದೆ, ಅಣ್ಣ ಹಿಂದೆ, ಕಾಡಿನ ಅಂಚು, ಟೀ ತೋಟ, ಬಿಸಿಲು, ಎದುರು ಗುಡ್ಡದಲ್ಲಿ ನಮ್ಮ ತಗಡಿನ ಮಾಡು, ಅಂಗಳದಲ್ಲಿ ಅಪ್ಪ, ಇಷ್ಟು ಬೇಗ ಬಂದಳಲ್ಲ ಅಂದುಕೊಂಡನೋ ಏನೋ, ಎಡಗೈ ಎತ್ತಿದ, ಹಿಂದಿರುವ ಬಂದೂಕು ಅವನಿಗೆ ಕಾಣುತ್ತಿಲ್ಲವೆ, ಓಡು ಅಂತ ಕೂಗಲೇ, ನನ್ನ ಕೈ ಮೇಲೇಳುತ್ತಿಲ್ಲ, ಅವನು ಬೀಸುತ್ತಲೇ ಇದ್ದ, ಈಗ ನಿಲ್ಲಿಸಿದ, ನೋಡುತ್ತಿದ್ದಾನೆ, ಎತ್ತಿದ ಕೈ ಹಾಗೇ ಇದೆ, ಇಳಿಸಿಲ್ಲ, ಅಪ್ಪನ ಕೈ, ಮೇಲೆ, ಇನ್ನೂ ಇಳಿಸಿಲ್ಲ —