ತೊಳೆದ ಫಿಲ್ಟರ್

ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಲಾರಿ ಹಲ್ಲು ಕಚ್ಚಿ ಉಸಿರೆಳೆದಂತೆ ಸುಂಯ್ ಎನ್ನುತ್ತಿತ್ತು. ಅವಳ ಕಿವಿಗೆ ಅದು ಥೇಟ್ ಮೈದುನನ ನಗು.

ಗಂಡ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ ಕಲ್ಲುಪುಡಿ ಸಾಗಿಸುವ ಲಾರಿಯನ್ನು ಅವಳೇ ಓಡಿಸುತ್ತಿದ್ದಳು. ಮನೆಯ ನಾಲ್ಕು ಹೊಟ್ಟೆಗಳು ಆ ಒಂದು ಎಂಜಿನ್ನಿಗೆ ಜೋತುಬಿದ್ದಿದ್ದವು. ಗ್ಯಾರೇಜು ಇಟ್ಟುಕೊಂಡಿದ್ದ ಮೈದುನ, ಸರ್ವೀಸಿಗೆಂದು ಬಿಟ್ಟ ಗಾಡಿಯಿಂದ ಗಾಳಿ ಸೋಸುವ ಕಪ್ಪು ಡಬ್ಬಿಯನ್ನು ಕಿತ್ತು, ಅಲ್ಲಿ ಫಳಫಳ ಹೊಳೆಯುವ ಪೈಪು, ಪೈಪಿನ ತುದಿಗೆ ಕೆಂಪು ಬಟ್ಟೆಯ ಫಿಲ್ಟರ್ ಕೂರಿಸಿದ್ದ. ಒಂದು ಮಾತೂ ಕೇಳಿರಲಿಲ್ಲ.

"ಗಾಡಿ ಉಸಿರು ಕಟ್ಕೊಂಡು ಓಡ್ತಿತ್ತು ಅತ್ತಿಗೆ. ಈಗ ದಿಣ್ಣೆ ಹತ್ತೋದೇ ಗೊತ್ತಾಗಲ್ಲ, ನೋಡಿ."

"ಕೈ ತುರಿಸಿದ್ರೆ ನಿನ್ನ ಗಾಡಿ ಬಿಚ್ಚು. ನನ್ನ ಡಬ್ಬಿ ಎಲ್ಲಿ?"

"ನಟ್ಟು ಬೋಲ್ಟು ಹಾಕಿಡೋಕೆ ಚೆನ್ನಾಗಿದೆ. ಇಟ್ಕೊಂಡಿದೀನಿ."

ಅಂದಿನಿಂದ ಅವಳು ಆ ಪೈಪನ್ನು ಕಳ್ಳನನ್ನು ಕಾಯುವಂತೆ ಕಾಯತೊಡಗಿದಳು. ಮೂರನೆಯ ವಾರ ಫಿಲ್ಟರ್ ಮುಟ್ಟಿದರೆ ಕೈಗೆಲ್ಲ ಜಿಗಿಜಿಗಿ ಎಣ್ಣೆ, ಅದಕ್ಕೆ ಮೆತ್ತಿದ ಧೂಳು. ಜಿಡ್ಡಿನ ಪಾತ್ರೆ ಅವಳ ಅಡುಗೆಮನೆಯಲ್ಲಿ ಒಂದು ಹೊತ್ತೂ ನಿಂತದ್ದಿಲ್ಲ. ಸೋಪಿನ ನೀರಲ್ಲಿ ನೆನೆಸಿ, ತಿಕ್ಕಿ, ಒಗೆದ ಬಟ್ಟೆಗಳ ಪಕ್ಕ ಒಣಗಿಸಿ ಮತ್ತೆ ಸಿಕ್ಕಿಸಿದಳು. 'ಕೂರಿಸೋಕೆ ಬರುತ್ತೆ, ತೊಳೆಯೋಕೆ ಬರಲ್ಲ' ಎಂದು ಮನಸ್ಸಿನಲ್ಲೇ ಅವನ ಮುಖಕ್ಕೆ ಉಗಿದಳು.

ಎಂಟು ದಿನ ಕಳೆದು, ಫಿಲ್ಟರ್ ಬಿಚ್ಚಿ ಪೈಪಿನ ಒಳಗನ್ನು ಬಿಳಿ ಬಟ್ಟೆಯಲ್ಲಿ ಒರೆಸಿದಳು. ಬಟ್ಟೆ ಬೂದಿಯ ಬಣ್ಣಕ್ಕೆ ತಿರುಗಿತು. ಮೊದಲು ಬಂದದ್ದು ಖುಷಿ. ಹೆದರಿಕೆ ಆಮೇಲೆ ಬಂತು.

ಲಾರಿಯನ್ನು ಗ್ಯಾರೇಜಿಗೆ ತಂದು, ಗಿರಾಕಿಗಳ ಎದುರಿಗೇ ಬಟ್ಟೆಯನ್ನು ಮೈದುನನ ಮೂಗಿಗೆ ಹಿಡಿದಳು. "ನೋಡು ನಿನ್ನ ಕೈಚಳಕ! ಎಂಜಿನ್ನಿಗೆ ಕಲ್ಲುಪುಡಿ ಉಣ್ಣಿಸ್ತಿದೀಯ!"

ಅವನು ಫಿಲ್ಟರನ್ನು ಕಳಚಿ, ಹಿಸುಕಿ, ಮೂಸಿದ. "ಸೋಪಿನ ವಾಸನೆ. ಯಾರು ತೊಳೆದಿದ್ದು?"

"ನಾನೇ. ಜಿಡ್ಡು ನಾರ್ತಿತ್ತು."

"ಜಿಡ್ಡು ಇರಬೇಕು ಅತ್ತಿಗೆ! ಧೂಳು ಹಿಡಿಯೋದೇ ಆ ಎಣ್ಣೆ. ತೊಳೆದ ಮೇಲೆ ಮತ್ತೆ ಹಚ್ಚಬೇಕು. ಒಣಗಿದ್ರೆ ಇದು ಬರೀ ಜರಡಿ."

"ನೀನು ಹೇಳಿದ್ಯಾ?"

"ನೀವು ಕೇಳಿದ್ರಾ?"

"ಕೇಳದೆ ಕೂರಿಸಿದವನು ನೀನು. ಹೇಳೋ ಬಾಯಿಗೆ ಬೀಗ ಬಿದ್ದಿತ್ತಾ?"

ಯಾರೋ ಗಿರಾಕಿ ಕಿಸಕ್ಕನೆ ನಕ್ಕ. ಮೈದುನ ನಗಲಿಲ್ಲ. ಪೈಪು ಬಿಚ್ಚಿ, ಟಾರ್ಚು ಹಿಡಿದು, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೋದ ರೆಕ್ಕೆಗಳ ಅಂಚಿಗೆ ಒಂದೊಂದಾಗಿ ಉಗುರು ತಾಗಿಸಿ ನೋಡಿದ. ಅವಳು ಅವನ ಉಗುರನ್ನೇ ನೋಡುತ್ತಿದ್ದಳು.

"ಸವೆದಿಲ್ಲ," ಎಂದ ಕೊನೆಗೆ. "ಇನ್ನೊಂದು ತಿಂಗಳು ಹೀಗೇ ಓಡಿಸಿದ್ರೆ ಎಂಜಿನ್ ಕೈಕೊಡ್ತಿತ್ತು."

ಅವಳು ಕಪಾಟಿನ ಕಪ್ಪು ಡಬ್ಬಿ ಎಳೆದು ಅದರಲ್ಲಿದ್ದ ನಟ್ಟು ಬೋಲ್ಟುಗಳನ್ನು ನೆಲಕ್ಕೆ ಸುರಿದಳು. ಅವು ಗಿರಾಕಿಗಳ ಕಾಲಬುಡದವರೆಗೂ ಉರುಳಿದವು. "ಕೂರಿಸು."

ಡಬ್ಬಿ ಒರೆಸಿ, ಒಳಗೆ ಹೊಸ ಫಿಲ್ಟರ್ ಹಾಕಿ ಕೂರಿಸಿದ, ಗೊಣಗುತ್ತಲೇ. ಕೊನೆಯ ತಿರುಪು ಬಿಗಿಯುವಾಗ ಕೇಳಿದ, "ಅಣ್ಣನಿಗೆ ಏನಂತ ಹೇಳ್ತೀರಿ?"

"ನೀನು ಕೇಳದೆ ಕೂರಿಸಿದೆ, ನಾನು ಕೇಳದೆ ತೊಳೆದೆ ಅಂತ." ಲಾರಿ ಹತ್ತಿ ಬಾಗಿಲು ಬಡಿದುಕೊಂಡಳು. "ನಿಂದನ್ನ ಮೊದಲು ಹೇಳ್ತೀನಿ."